ರಸ್ತೆಯ ಖರ್ಚು ಯಾರದು?

ಶಿವಮೊಗ್ಗ ನಗರದ ನಡುವೆ ಹಾದುಹೋಗುವ ದೊಡ್ಡ ಬೀದಿಗೆ ಬಿ. ಎಚ್. ರಸ್ತೆ ಎಂದು ಹೆಸರು. ಭದ್ರಾವತಿಯ ಮುಖ್ಯ ಬೀದಿಗೂ ಅದೇ ಹೆಸರು. ಇದು ಆಕಸ್ಮಿಕವಲ್ಲ. ಬೆಂಗಳೂರನ್ನು ಕಡಲತಡಿಯ ಹೊನ್ನಾವರದೊಡನೆ ಕೂಡಿಸುವ ದಾರಿ ಎರಡೂ ಊರುಗಳನ್ನು ಹಾದು ಸಾಗುವುದರಿಂದ, ಆ ಊರುಗಳ ಮೊದಲಕ್ಷರಗಳೇ ಎರಡು ಕಡೆಯೂ ಬೀದಿಯ ಹೆಸರಾಗಿ ನಿಂತಿವೆ. ಬಹುಕಾಲ 206ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯಿಸಿಕೊಂಡ ಈ ದಾರಿಯಲ್ಲಿ ತುಂಗೆಯ ದಡದ ಊರಿನಿಂದ ಭದ್ರೆಯ ದಡದ ಊರಿಗೆ ಸುಮಾರು 18–20 ಕಿಲೋಮೀಟರುಗಳ ಪಯಣ. ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು, ಕೆಲಸಕ್ಕೆ ಹೋಗುವ ಸ್ಕೂಟರು ಸವಾರರು, ಅಡಕೆ ಮೂಟೆಯ ಟೆಂಪೋಗಳು, ಕಬ್ಬಿಣವನ್ನೋ ಸಿಮೆಂಟನ್ನೋ ಹೇರಿಕೊಂಡ ಲಾರಿಗಳು ಎಲ್ಲವೂ ಒಂದೇ ಡಾಂಬರಿನ ಮೇಲೆ ಉರುಳುತ್ತವೆ.

ಈ ಡಾಂಬರನ್ನು ಹಾಕಿದ ಹಣ, ವರ್ಷವರ್ಷವೂ ಮಳೆಗಾಲ ಮುಗಿದೊಡನೆ ಗುಂಡಿ ಮುಚ್ಚುವ ಹಣ, ಎಲ್ಲಿಂದ ಬರುತ್ತದೆ? ಸರ್ಕಾರ ಕೊಡುತ್ತದೆ ಎಂಬ ಉತ್ತರ ಸುಲಭವಾದದ್ದು. ಸರ್ಕಾರಕ್ಕೆ ಎಲ್ಲಿಂದ ಬಂತು ಎಂದು ಮುಂದೆ ಕೇಳಿದವರು ಕೊನೆಗೆ ಬಂದು ನಿಲ್ಲುವುದು ಪೆಟ್ರೋಲ್ ಬಂಕಿನ ಮುಂದೆ. ಪೆಟ್ರೋಲು, ಡೀಸೆಲುಗಳ ಪ್ರತಿಯೊಂದು ಲೀಟರಿನ ಬೆಲೆಯಲ್ಲಿಯೂ ತೆರಿಗೆಯ ಪಾಲು ಸೇರಿದೆ. ಆ ಪಾಲಿನ ಒಂದಂಶ ರಸ್ತೆಗೆಂದೇ ಮೀಸಲು. ವಾಹನಗಳು ಕಡಿಮೆ ಪೆಟ್ರೋಲು ಕುಡಿದು ಹೆಚ್ಚು ದೂರ ಓಡತೊಡಗಿದರೆ, ಅಥವಾ ಪೆಟ್ರೋಲನ್ನೇ ಮುಟ್ಟದೆ ವಿದ್ಯುತ್ತಿನಿಂದ ಓಡತೊಡಗಿದರೆ, ಈ ಪಾಲಿನ ಗತಿಯೇನು ಎಂಬುದು ಇಂದು ಪ್ರಪಂಚದ ಅನೇಕ ದೇಶಗಳನ್ನು ಕಾಡುತ್ತಿರುವ ಪ್ರಶ್ನೆ.

ದಾರಿಯನ್ನು ಬಳಸುವವನಿಂದಲೇ ಹಣ ಪಡೆಯುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಎತ್ತಿನ ಹೇರಿಗೆ ಇಷ್ಟು, ಗಾಡಿಗೆ ಇಷ್ಟು ಎಂದು ಸುಂಕ ಕಟ್ಟಿದ ಸಂಗತಿ ಹಳೆಯ ಶಾಸನಗಳಲ್ಲಿ ದೊರೆಯುತ್ತದೆ. ಸುಂಕದಕಟ್ಟೆ ಎಂಬ ಸ್ಥಳನಾಮ ನಾಡಿನಲ್ಲಿ ಇಂದಿಗೂ ಉಳಿದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯೂ ಆ ಕಟ್ಟೆಗಳ ಮುಂದೆ ನಿಂತವರ ಅನುಭವದಿಂದಲೇ ಹುಟ್ಟಿರಬೇಕು. ಆ ಕಾಲದ ಸುಂಕದ ಅಳತೆಗೋಲು ಹೇರು, ಅಂದರೆ ಭಾರ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನವಿದೆ.

ಮೋಟಾರು ಬಂದ ಮೇಲೆ ಕಟ್ಟೆಕಟ್ಟೆಯಲ್ಲಿಯೂ ಗಾಡಿ ನಿಲ್ಲಿಸುವುದು ತೊಡಕಾಯಿತು. ಆಗ ಹೊಳೆದ ಉಪಾಯವೇ ಪೆಟ್ರೋಲಿನ ಮೇಲಣ ತೆರಿಗೆ. ಬ್ರಿಟನ್ 1909ರಲ್ಲಿ ಇದನ್ನು ವಿಧಿಸಿತು. ಅಮೆರಿಕದ ಸಂಸ್ಥಾನಗಳಲ್ಲಿ ಮೊದಲು ವಿಧಿಸಿದ್ದು ಒರೆಗಾನ್. 1919ರಲ್ಲಿ, ಗ್ಯಾಲನ್ನಿಗೆ ಒಂದು ಸೆಂಟಿನಂತೆ. ಭಾರತದಲ್ಲಿ ರಸ್ತೆಗಳ ಸ್ಥಿತಿಯನ್ನು ಪರಿಶೀಲಿಸಲು 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ 1929ರ ಮಾರ್ಚಿಯಲ್ಲಿ ಗ್ಯಾಲನ್ನಿಗೆ ನಾಲ್ಕಾಣೆಯಿದ್ದ ಸುಂಕವನ್ನು ಆರಾಣೆಗೆ ಏರಿಸಿ, ಹೆಚ್ಚಿನ ಎರಡಾಣೆಯನ್ನು ರಸ್ತೆನಿಧಿಗೆ ಮೀಸಲಿಡಲಾಯಿತು. ಇಂದಿನ ಕೇಂದ್ರ ರಸ್ತೆನಿಧಿ 2000ದ ಕಾಯಿದೆಯಿಂದ ಶಾಸನಬದ್ಧವಾದದ್ದು. 2018ರ ಆಯವ್ಯಯದಲ್ಲಿ ಅದರ ಸೆಸ್ಸನ್ನು ಲೀಟರಿಗೆ 8 ರೂಪಾಯಿ ಎಂದು ಗೊತ್ತುಮಾಡಿ, ರಸ್ತೆಯಲ್ಲದೆ ಬೇರೆ ಮೂಲಸೌಕರ್ಯಗಳಿಗೂ ಆ ಹಣ ಸಲ್ಲುವಂತೆ ಮಾಡಿದರು. ರಾಜ್ಯ ವಿಧಿಸುವ ಮಾರಾಟ ತೆರಿಗೆಯಾದರೋ ಸಾಮಾನ್ಯ ಬೊಕ್ಕಸಕ್ಕೆ ಸೇರತಕ್ಕದ್ದು. ಅದರಿಂದ ರಸ್ತೆಯೂ ಆಗಬಹುದು, ಶಾಲೆಯೂ ಆಗಬಹುದು.

ಪೆಟ್ರೋಲಿನ ತೆರಿಗೆ ನಿಜಕ್ಕೂ ಜಾಣತನದ ಉಪಾಯ. ಕಟ್ಟೆ ಬೇಕಿಲ್ಲ, ಕಾವಲುಗಾರ ಬೇಕಿಲ್ಲ. ಹೆಚ್ಚು ತಿರುಗಿದವನು ಹೆಚ್ಚು ಕೊಡುತ್ತಾನೆ. ಕೊಡುವವನಿಗೂ ಚೂರುಚೂರಾಗಿ ಹೋಗುವುದರಿಂದ ನೋವು ತಿಳಿಯದು. ಆದರೆ ಇದರ ತಳಹದಿಯಲ್ಲಿ ಒಂದು ಊಹೆ ಅಡಗಿದೆ: ಸುಟ್ಟ ಎಣ್ಣೆಗೂ ಸವೆದ ರಸ್ತೆಗೂ ಒಂದು ನಿಶ್ಚಿತವಾದ ಪ್ರಮಾಣವಿದೆ ಎಂಬುದೇ ಆ ಊಹೆ. ಬಟ್ಟೆ ಅಳೆಯುವ ಗಜಕೋಲು ತಾನೇ ದಿನದಿನಕ್ಕೂ ಉದ್ದವಾಗುತ್ತ ಹೋದರೆ ಅಂಗಡಿಯವನ ಲೆಕ್ಕ ಏನಾದೀತು?

ಈ ಗಜಕೋಲು ತಪ್ಪಬಹುದೆಂಬುದಕ್ಕೆ ಮಲೆನಾಡಿನ ಮಂದಿ ಬಹು ಹಿಂದೆಯೇ ಸಾಕ್ಷಿಯಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದಲ್ಲಿ ಬಸ್ಸುಗಳು ಇದ್ದಿಲ ಅನಿಲದಿಂದ ಓಡಿದವು. ಬಸ್ಸಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲನ್ನು ಸಾಲದ ಗಾಳಿಯಲ್ಲಿ ಉರಿಸಿದರೆ ಅದು ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ಆ ಅನಿಲವನ್ನು ಎಂಜಿನ್ನಿಗೆ ಹಾಯಿಸಿದರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಇದ್ದಿಲಿನ ಪ್ರಯೋಜನ ಈ ಸೀಮೆಗೆ ಹೊಸದಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ನಿರ್ಮಾಣವಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡಿನ ಮರದ ಇದ್ದಿಲಿನಿಂದಲೇ ಅದಿರನ್ನು ಕರಗಿಸುತ್ತಿತ್ತು. ಏರುದಾರಿಯಲ್ಲಿ ಇದ್ದಿಲ ಬಸ್ಸು ಏದುಸಿರು ಬಿಡುತ್ತಿದ್ದುದು ನಿಜ. ಆದರೂ ಅದರ ಚಕ್ರಗಳು ರಸ್ತೆಯನ್ನು ಪೆಟ್ರೋಲ್ ಬಸ್ಸಿನ ಚಕ್ರಗಳಷ್ಟೇ ಸವೆಸಿದವು. ಅದು ಉರಿಸಿದ ಇದ್ದಿಲಿನಿಂದ ರಸ್ತೆನಿಧಿಗೆ ಕಾಸೂ ಸೇರಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಮರಳಿ ಬಂದುದರಿಂದ ಆ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಯಿತು.

ಈಗ ಬಂದಿರುವ ಪ್ರಶ್ನೆ ಹಾಗೆ ಮುಚ್ಚಿಹೋಗತಕ್ಕದ್ದಲ್ಲ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಎಂಜಿನ್ನು ಅದರಲ್ಲಿ ಕಾಲುಭಾಗವನ್ನೋ, ಹೆಚ್ಚೆಂದರೆ ಮೂರರಲ್ಲೊಂದು ಭಾಗವನ್ನೋ ಚಕ್ರಕ್ಕೆ ಮುಟ್ಟಿಸಿ, ಉಳಿದುದನ್ನು ಶಾಖವಾಗಿ ಗಾಳಿಗೆ ಬಿಡುತ್ತದೆ. ಈ ದುಂದನ್ನು ತಗ್ಗಿಸುವುದೇ ಎಂಜಿನಿಯರರ ಅರ್ಧ ಶತಮಾನದ ಕೆಲಸ. ಹಳೆಯ ಎರಡು ಹೊಡೆತದ ಸ್ಕೂಟರು ಸುಡದ ಪೆಟ್ರೋಲನ್ನೇ ಹೊಗೆಯೊಡನೆ ಹೊರಕ್ಕುಗುಳುತ್ತಿತ್ತು. ನಾಲ್ಕು ಹೊಡೆತದ ಎಂಜಿನ್ನು ಅದನ್ನು ನಿಲ್ಲಿಸಿತು. ಕಾರ್ಬುರೇಟರಿನ ಜಾಗದಲ್ಲಿ ಬೇಕಾದಷ್ಟನ್ನೇ ತೊಟ್ಟಿಕ್ಕುವ ಇಂಜೆಕ್ಷನ್ ಪದ್ಧತಿ ಬಂತು. ವಿದ್ಯುತ್ ಮೋಟಾರಂತೂ ತನಗೆ ದೊರೆತ ಶಕ್ತಿಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು ಕೆಲಸಕ್ಕೆ ಒದಗಿಸುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಲು ವಿದ್ಯುತ್ ಸ್ಕೂಟರಿಗೆ ಒಂದು ಯೂನಿಟ್ಟೂ ಪೂರ್ತಿ ಬೇಕಾಗದು.

ಲೆಕ್ಕಕ್ಕಾಗಿ, ಒಂದು ಲೀಟರಿನಲ್ಲಿ ಎಲ್ಲ ತೆರಿಗೆಗಳೂ ಸೇರಿ 30 ರೂಪಾಯಿ ಇದೆಯೆಂದು ಭಾವಿಸೋಣ. ಲೀಟರಿಗೆ 10 ಕಿಲೋಮೀಟರು ಓಡುವ ಹಳೆಯ ಕಾರು 20 ಕಿಲೋಮೀಟರಿನ ಈ ದಾರಿಗೆ 60 ರೂಪಾಯಿ ತೆರಿಗೆ ಕೊಟ್ಟಿತು. ಲೀಟರಿಗೆ 20 ಕಿಲೋಮೀಟರು ಓಡುವ ಹೊಸ ಕಾರು 30 ರೂಪಾಯಿ ಕೊಟ್ಟಿತು. ವಿದ್ಯುತ್ ಕಾರು ಏನನ್ನೂ ಕೊಡಲಿಲ್ಲ. ಮೂರೂ ಕಾರುಗಳು ರಸ್ತೆಯನ್ನು ಬಳಸಿದ್ದು ಸರಿಸಮವಾಗಿ. ಹಳೆಯ ಕಾರನ್ನೋ ಹಳೆಯ ಬೈಕನ್ನೋ ಇಟ್ಟುಕೊಂಡವನು ಸಾಮಾನ್ಯವಾಗಿ ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದವನು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಕೊರತೆಯನ್ನು ತುಂಬಲು ಪೆಟ್ರೋಲಿನ ತೆರಿಗೆಯನ್ನೇ ಏರಿಸುತ್ತ ಹೋದರೆ, ಬಡವನ ಬೈಕು ಸಿರಿವಂತನ ವಿದ್ಯುತ್ ಕಾರಿಗೆ ರಸ್ತೆ ಹಾಕಿಕೊಟ್ಟಂತಾಗುತ್ತದೆ.

ಹಾಗಾದರೆ ನ್ಯಾಯವಾದ ಅಳತೆ ಯಾವುದು? ರಸ್ತೆಯನ್ನು ನಿಜವಾಗಿ ಸವೆಸುವುದು ಏನು ಎಂಬುದನ್ನು ಮೊದಲು ತಿಳಿಯಬೇಕು.

ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಒಟಾವಾ ಎಂಬ ಊರಿನ ಬಳಿ 1958ರಿಂದ 1960ರವರೆಗೆ ಒಂದು ಪ್ರಯೋಗ ನಡೆಯಿತು. ಬೇರೆಬೇರೆ ದಪ್ಪದ ರಸ್ತೆಗಳನ್ನು ಹಾಕಿ, ಅವುಗಳ ಮೇಲೆ ಗೊತ್ತಾದ ಭಾರದ ಲಾರಿಗಳನ್ನು ಸೈನಿಕರು ಹಗಲಿರುಳು ಓಡಿಸಿದರು. ಯಾವ ಭಾರಕ್ಕೆ ಯಾವ ರಸ್ತೆ ಎಷ್ಟು ಸುತ್ತಿನಲ್ಲಿ ಒಡೆಯಿತೆಂಬುದನ್ನು ಅಳೆದು ಬರೆದಿಟ್ಟರು. ಅದರಿಂದ ದೊರೆತ ಫಲಿತಾಂಶವೇ ಇಂದಿಗೂ ರಸ್ತೆ ಎಂಜಿನಿಯರರ ಕೈದೀವಿಗೆ: ರಸ್ತೆಗೆ ಆಗುವ ಹಾನಿ ಅಚ್ಚಿನ ಮೇಲಣ ಭಾರದ ನಾಲ್ಕನೆಯ ಘಾತಕ್ಕೆ ಸರಿಸುಮಾರಾಗಿ ಅನುಗುಣವಾಗಿರುತ್ತದೆ. ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಹದಿನಾರರಷ್ಟು.

ಇದರ ಅರ್ಥ ಎಷ್ಟು ದೂರ ಹೋಗುತ್ತದೆಂಬುದನ್ನು ಭಾರತದ ಅಂಕಿಗಳಿಂದಲೇ ನೋಡಬಹುದು. ನಮ್ಮಲ್ಲಿ ರಸ್ತೆಯ ದಪ್ಪವನ್ನು ಲೆಕ್ಕ ಹಾಕುವಾಗ ಸುಮಾರು 8.2 ಟನ್ ಭಾರದ ಅಚ್ಚನ್ನು ಪ್ರಮಾಣವಾಗಿ ಇಟ್ಟುಕೊಳ್ಳುತ್ತಾರೆ. 1200 ಕಿಲೋಗ್ರಾಮಿನ ಕಾರಿನಲ್ಲಿ ಪ್ರತಿ ಅಚ್ಚಿಗೆ 0.6 ಟನ್. ಗುಣಿಸಿ ನೋಡಿದರೆ, ಪ್ರಮಾಣದ ಅಚ್ಚು ಒಮ್ಮೆ ಹಾದಾಗ ಆಗುವಷ್ಟು ಸವೆತಕ್ಕೆ ಕಾರಿನ ಅಚ್ಚು ಸುಮಾರು 35,000 ಸಲ ಹಾದುಹೋಗಬೇಕು. ನಾಲ್ಕು ಟೈರುಗಳ ಅಚ್ಚಿನ ಮೇಲೆ ಹೇರಬಹುದಾದ ಭಾರದ ಮಿತಿಯನ್ನು 2018ರಲ್ಲಿ ಕೇಂದ್ರ ಸರ್ಕಾರ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇಕಡಾ 13ರಷ್ಟು ಮಾತ್ರ. ನಾಲ್ಕನೆಯ ಘಾತದ ಲೆಕ್ಕದಲ್ಲಿ ಹಾನಿ ಏರುವುದು ಶೇಕಡಾ 60ಕ್ಕೂ ಮೇಲೆ. ಇದರಿಂದ ಸಾಗಾಣಿಕೆ ಅಗ್ಗವಾಯಿತೆಂಬುದೂ ಸುಳ್ಳಲ್ಲ. ಉಳಿತಾಯ ಲಾರಿಯ ಲೆಕ್ಕದಲ್ಲಿ ಕಾಣುತ್ತದೆ, ಖರ್ಚು ರಸ್ತೆಯ ಲೆಕ್ಕದಲ್ಲಿ ಕಾಣುತ್ತದೆ.

ಡೀಸೆಲಿನ ತೆರಿಗೆ ಈ ವ್ಯತ್ಯಾಸವನ್ನು ಹಿಡಿಯಬಲ್ಲುದೆ? ತುಂಬಿದ ಲಾರಿ ಕಾರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಎಣ್ಣೆ ಕುಡಿಯಬಹುದು. ಸವೆತವಾದರೋ ಹತ್ತಾರು ಸಾವಿರ ಪಟ್ಟು. ಪೆಟ್ರೋಲಿನ ಗಜಕೋಲು ವಿದ್ಯುತ್ ವಾಹನ ಬಂದ ಮೇಲೆ ಕೆಟ್ಟಿತೆಂದು ನಾವು ಹೇಳುತ್ತೇವೆ. ಭಾರದ ಮಟ್ಟಿಗೆ ಅದು ಎಂದೂ ನೆಟ್ಟಗಿರಲಿಲ್ಲ. ಎತ್ತಿನ ಹೇರನ್ನು ಎಣಿಸುತ್ತಿದ್ದ ಹಳೆಯ ಸುಂಕದವನು ಈ ವಿಷಯದಲ್ಲಿ ನಮಗಿಂತ ಸತ್ಯಕ್ಕೆ ಹತ್ತಿರವಾಗಿದ್ದ. ವಿದ್ಯುತ್ ಕಾರು ಬ್ಯಾಟರಿಯಿಂದ ಭಾರವಾದುದು, ಆದ್ದರಿಂದ ರಸ್ತೆಯನ್ನು ಹೆಚ್ಚು ಕೆಡಿಸುತ್ತದೆ ಎಂಬ ವಾದವೂ ಕೇಳಿಬರುತ್ತಿದೆ. ಅದು ಐದರಲ್ಲೊಂದು ಪಾಲು ಹೆಚ್ಚು ತೂಗಿದರೆ ಸವೆತ ಇಮ್ಮಡಿಯಾಗುವುದು ನಿಜ. ಆದರೆ ಇಲ್ಲವೆನ್ನುವಷ್ಟು ಅಲ್ಪವಾದುದು ಇಮ್ಮಡಿಯಾದರೂ ಅಲ್ಪವೇ. ಬಸ್ಸಿನ ಮಾತು ಬೇರೆ. 2023ರಲ್ಲಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿದ್ಯುತ್ ಬಸ್ಸುಗಳು ಓಡತೊಡಗಿದವು. ಅವು ಡೀಸೆಲ್ ಬಸ್ಸಿನ ಭಾರಕ್ಕೆ ಕಡಿಮೆಯಿಲ್ಲದವು. ಡೀಸೆಲಿನ ತೆರಿಗೆಯನ್ನು ಮಾತ್ರ ಕೊಡವು.

ಮಲೆನಾಡಿನಲ್ಲಿ ರಸ್ತೆಗೆ ಇನ್ನೊಬ್ಬ ಶತ್ರುವಿದ್ದಾನೆ; ಅವನು ಯಾವ ತೆರಿಗೆಗೂ ಸಿಕ್ಕುವವನಲ್ಲ. ಡಾಂಬರಿನ ಸಣ್ಣ ಬಿರುಕಿನಿಂದ ಇಳಿದ ಮಳೆನೀರು ಕೆಳಗಿನ ಜಲ್ಲಿ ಮಣ್ಣುಗಳನ್ನು ಮೆತ್ತಗೆ ಮಾಡುತ್ತದೆ. ಭಾರವಾದ ಚಕ್ರ ಬಂದೊತ್ತಿದಾಗ ನೀರು ಮಣ್ಣನ್ನು ಕಲಸಿಕೊಂಡು ಮೇಲಕ್ಕೆ ಚಿಮ್ಮುತ್ತದೆ, ಕೆಳಗೆ ಪೊಳ್ಳಾಗುತ್ತದೆ, ಮೇಲಿನ ಪದರ ಕುಸಿಯುತ್ತದೆ. ಆಷಾಢದಲ್ಲಿ ಒಂದೇ ವಾರದೊಳಗೆ ಗುಂಡಿ ಹುಟ್ಟುವ ಗುಟ್ಟು ಇದೇ. ಚರಂಡಿ ಸರಿಯಾಗಿದ್ದರೆ ಅರ್ಧ ಖರ್ಚು ಉಳಿದೀತೆಂದು ನನ್ನ ನಂಬಿಕೆ. ವಾಹನವೊಂದೂ ಓಡದಿದ್ದರೂ ಮಳೆ ಬಿಸಿಲುಗಳಿಂದ ರಸ್ತೆ ಹಳತಾಗುತ್ತದೆ. ಆದಕಾರಣ ರಸ್ತೆಯ ಖರ್ಚಿನಲ್ಲಿ ಒಂದು ಪಾಲು ಎಲ್ಲರೂ ಹೊರಬೇಕಾದದ್ದು. ಅದನ್ನು ಸಾಮಾನ್ಯ ಬೊಕ್ಕಸವೇ ಕೊಡುವುದು ಸರಿ. ಅಂಬ್ಯುಲೆನ್ಸು ಬರಬೇಕಾದ ಹಾದಿಗೆ ವಾಹನವಿಲ್ಲದವನೂ ಬಾಧ್ಯನಲ್ಲವೆ?

ಉಳಿದ ಪಾಲನ್ನು ಹಂಚುವ ಬಗೆ ಹೇಗೆ? ನಮ್ಮ ರಾಜ್ಯದ 1957ರ ಮೋಟಾರು ವಾಹನ ತೆರಿಗೆ ಕಾಯಿದೆಯಂತೆ ದೊಡ್ಡ ಸರಕು ಲಾರಿಗಳು ತಮ್ಮ ಭಾರಕ್ಕೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುತ್ತವೆ. ಕಾರು, ಬೈಕುಗಳು ಬೆಲೆಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟುತ್ತವೆ. ಇದರಲ್ಲಿ ಭಾರವಿದೆ, ದೂರವಿಲ್ಲ. ಪೆಟ್ರೋಲಿನ ತೆರಿಗೆಯಲ್ಲಿ ದೂರವಿದೆ, ಭಾರವಿಲ್ಲ. ಬೇಕಾದದ್ದು ಎರಡರ ಗುಣಾಕಾರ.

ವಿದ್ಯುತ್ ವಾಹನಗಳಿಗೆ ತೆರಿಗೆಯ ವಿನಾಯಿತಿ ಕೊಟ್ಟಿದ್ದ ಕರ್ನಾಟಕ, 2024ರಲ್ಲಿ 25 ಲಕ್ಷ ರೂಪಾಯಿಗೆ ಮೀರಿದ ಬೆಲೆಯವುಗಳ ಮೇಲೆ ಶೇಕಡಾ 10 ಜೀವಾವಧಿ ತೆರಿಗೆ ವಿಧಿಸಿತು. ಸಿರಿವಂತರಿಂದ ಪಡೆಯುವ ಮಟ್ಟಿಗೆ ಇದು ಸರಿ. ಆದರೆ ಮನೆಯಲ್ಲೇ ನಿಂತ ಕಾರಿಗೂ ದಿನವೆಲ್ಲ ತಿರುಗುವ ಕಾರಿಗೂ ಇದು ಭೇದ ಮಾಡದು. ವಿದ್ಯುತ್ತಿಗೇ ರಸ್ತೆಯ ಸೆಸ್ಸು ಹಾಕಬಾರದೇಕೆ ಎಂದು ಕೇಳಬಹುದು. ಆದರೆ ಮನೆಯ ಗೋಡೆಗೆ ಕೂರಿಸಿದ ಮೆಸ್ಕಾಂ ಮೀಟರಿಗೆ ದೋಸೆಹಿಟ್ಟು ರುಬ್ಬುವ ಯಂತ್ರವಾವುದು, ಚಾರ್ಜಿಗೆ ನಿಂತ ಸ್ಕೂಟರು ಯಾವುದು ಎಂಬುದು ತಿಳಿಯದು.

ಟೋಲ್ ಗೇಟು ನಮಗೆ ಚಿರಪರಿಚಿತ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಅಲ್ಲಿಯ ಸಾಲು ಮೊಟಕಾಯಿತು. ಆದರೆ ಗೇಟು ಹೆದ್ದಾರಿಯಲ್ಲಿ ಮಾತ್ರ ಸಾಧ್ಯ. ಶಿವಮೊಗ್ಗದ ಕೇರಿಗಳಿಗೂ ಭದ್ರಾವತಿಯ ಸುತ್ತಣ ತೋಟದ ಹಾದಿಗಳಿಗೂ ಗೇಟು ಹಾಕಲು ಬಾರದು. ಇದರ ಮುಂದಿನ ಹೆಜ್ಜೆ ಉಪಗ್ರಹದ ಮೂಲಕ ದೂರವನ್ನು ಅಳೆಯುವುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದರ ಪ್ರಾಯೋಗಿಕ ಪರೀಕ್ಷೆ ನಡೆದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ತಿದ್ದಿ, ರಾಷ್ಟ್ರೀಯ ಪರವಾನಗಿಯ ವಾಹನಗಳನ್ನುಳಿದು, ಇಂಥ ಸಾಧನವುಳ್ಳ ವಾಹನಗಳಿಗೆ ದಿನಕ್ಕೆ ಒಂದೊಂದು ದಿಕ್ಕಿನಲ್ಲಿ ಮೊದಲ 20 ಕಿಲೋಮೀಟರಿಗೆ ಶುಲ್ಕವಿಲ್ಲವೆಂದು ಹೇಳಿತು. ನಮ್ಮ ಎರಡು ಊರುಗಳ ನಡುವಣ ದೂರ ಎಷ್ಟೆಂಬುದನ್ನು ನೆನೆದುಕೊಳ್ಳಿ. ಈ ನಿಯಮ ಇಲ್ಲಿ ಬಳಕೆಗೆ ಬಂದರೆ ದಿನವೂ ಹೋಗಿಬರುವ ನೌಕರನಿಗೆ ಖರ್ಚಿಲ್ಲ. ಅವನ ಮಟ್ಟಿಗೆ ಸಂತೋಷವೇ. ಆದರೆ ಈ ರಸ್ತೆಯ ಬಹುಪಾಲು ಓಡಾಟ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಯಾವ ವಾಹನ ಯಾವ ಗಳಿಗೆಯಲ್ಲಿ ಎಲ್ಲಿತ್ತೆಂಬ ವಿವರ ಒಂದು ಕಚೇರಿಯಲ್ಲಿ ಕೂಡಿಬೀಳುವುದೂ ಅಷ್ಟೇನೂ ಹಿತವಾದ ಸಂಗತಿಯಲ್ಲ.

ನ್ಯೂಜಿಲೆಂಡಿನವರು ಇನ್ನೊಂದು ದಾರಿ ಹಿಡಿದರು. 1978ರಿಂದ ಅಲ್ಲಿ ಡೀಸೆಲ್ ವಾಹನಗಳೂ ಭಾರೀ ವಾಹನಗಳೂ ಓಡುವ ದೂರವನ್ನು ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ಮುಂಗಡವಾಗಿ ಕೊಳ್ಳುತ್ತವೆ. ಲಾರಿಯ ಚಕ್ರಕ್ಕೇ ದೂರವೆಣಿಸುವ ಮೀಟರು ಕೂರಿಸಿರುತ್ತಾರೆ. ಭಾರ ಹೆಚ್ಚಿದ್ದರೆ, ಅಚ್ಚು ಕಡಿಮೆಯಿದ್ದರೆ, ದರ ಹೆಚ್ಚು. 2024ರ ಏಪ್ರಿಲಿನಿಂದ ವಿದ್ಯುತ್ ಕಾರುಗಳೂ ಸಾವಿರ ಕಿಲೋಮೀಟರಿಗೆ 76 ಡಾಲರಿನಂತೆ ಇದರಲ್ಲಿ ಸೇರಿದವು. ಸ್ವಿಟ್ಜರ್ಲೆಂಡು 2001ರಿಂದ ಭಾರೀ ವಾಹನಗಳಿಗೆ ಭಾರ ಮತ್ತು ದೂರಗಳ ಗುಣಾಕಾರದಂತೆಯೇ ಶುಲ್ಕ ಹಾಕುತ್ತಿದೆ. ಪೆಟ್ರೋಲಿಗೆ ಮೊದಲು ತೆರಿಗೆ ಹಾಕಿದ ಒರೆಗಾನ್ ಸಂಸ್ಥಾನವೇ, 2015ರಲ್ಲಿ ಒಪ್ಪಿ ಬಂದವರಿಂದ ಮೈಲಿಗೆ ಒಂದೂವರೆ ಸೆಂಟಿನಂತೆ ಪಡೆಯುವ ಯೋಜನೆಯನ್ನು ಆರಂಭಿಸಿತು.

ನಮ್ಮಲ್ಲಿ ಇದನ್ನು ತರುವುದಾದರೆ ಲಾರಿ, ಬಸ್ಸುಗಳಿಂದ ಆರಂಭಿಸುವುದು ಲೇಸು. ಅವುಗಳ ಸಂಖ್ಯೆ ಕಡಿಮೆ. ಅರ್ಹತಾಪತ್ರಕ್ಕಾಗಿ ಅವು ಹೇಗೂ ಕಾಲಕಾಲಕ್ಕೆ ಸಾರಿಗೆ ಕಚೇರಿಗೆ ಬರುತ್ತವೆ. ಆಗ ಮೀಟರನ್ನು ಓದಿಕೊಳ್ಳಬಹುದು. ದ್ವಿಚಕ್ರಗಳನ್ನು ಇದಕ್ಕೆ ಎಳೆಯುವುದು ವ್ಯರ್ಥ. ಅವು ಮಾಡುವ ಸವೆತಕ್ಕಿಂತ ಲೆಕ್ಕವಿಡುವ ಖರ್ಚೇ ಹೆಚ್ಚಾದೀತು. ಇದರಿಂದ ಇನ್ನೊಂದು ಲಾಭವುಂಟು. ಅದೇ ಭಾರವನ್ನು ಎರಡರ ಬದಲು ನಾಲ್ಕು ಅಚ್ಚುಗಳಿಗೆ ಸಮನಾಗಿ ಹಂಚಿದರೆ, ಪ್ರತಿ ಅಚ್ಚಿನ ಹಾನಿ ಹದಿನಾರರಲ್ಲೊಂದಾಗಿ, ಒಟ್ಟು ಹಾನಿ ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಶುಲ್ಕ ಅಚ್ಚಿನ ಭಾರವನ್ನು ಅನುಸರಿಸಿದರೆ ಲಾರಿ ಕೊಳ್ಳುವವನೇ ಹೆಚ್ಚು ಅಚ್ಚಿನದನ್ನು ಹುಡುಕಿ ಕೊಳ್ಳುತ್ತಾನೆ. ಲಾರಿಯ ಬಾಡಿಗೆ ಏರಿ, ಸಿಮೆಂಟಿನ ಬೆಲೆಯೂ ಅಕ್ಕಿಯ ಬೆಲೆಯೂ ಒಂದಿಷ್ಟು ಏರಬಹುದೆಂಬ ಆಕ್ಷೇಪಣೆ ಸುಳ್ಳಲ್ಲ. ಅಷ್ಟರಮಟ್ಟಿಗೆ ಡೀಸೆಲಿನ ತೆರಿಗೆಯನ್ನು ಇಳಿಸದೆ ಹೊಸ ಶುಲ್ಕ ಹೇರಿದರೆ ಅದು ನ್ಯಾಯವೂ ಆಗದು.

ದೂರದ ಮೀಟರಿಗೆ ತಿಳಿಯದ ಸಂಗತಿಯೊಂದಿದೆ: ಲಾರಿ ತುಂಬಿತ್ತೋ ಖಾಲಿಯೋ ಎಂಬುದು. ಖಾಲಿ ಲಾರಿಯ ಹಿಂದಿನ ಅಚ್ಚಿನ ಮೇಲೆ 3 ಟನ್ ಇದ್ದು, ತುಂಬಿದಾಗ ಅದು 11.5 ಟನ್ ಆದರೆ, ಸವೆತ ಇನ್ನೂರು ಪಟ್ಟಿಗೂ ಮೇಲೆ ಏರುತ್ತದೆ. ಓಡುತ್ತಿರುವ ವಾಹನವನ್ನು ನಿಲ್ಲಿಸದೆಯೇ ಅಚ್ಚಿನ ಭಾರವನ್ನು ಅಳೆಯುವ ಪಟ್ಟಿಗಳನ್ನು ರಸ್ತೆಯಲ್ಲಿ ಹೂಳುವ ವಿಧಾನ ಈಗ ಬಳಕೆಯಲ್ಲಿದೆ. ಚಕ್ರ ಮೇಲೆ ಹಾದಾಗ ಪಟ್ಟಿಯಲ್ಲಿ ಹುಟ್ಟುವ ವಿದ್ಯುತ್ ಸಂಕೇತದಿಂದ ಭಾರ ಗೊತ್ತಾಗುತ್ತದೆ. ಅದಿಲ್ಲದೆಯೂ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಬಿ. ಎಚ್. ರಸ್ತೆಯ ಬದಿಯಲ್ಲಿ, ವಾಹನಗಳಿಂದ ದೂರವಾಗಿ ಒಂದು ಗಂಟೆ ನಿಂತು, ಬೈಕು, ಕಾರು, ಬಸ್ಸು, ಖಾಲಿ ಲಾರಿ, ತುಂಬಿದ ಲಾರಿಗಳನ್ನು ಅಚ್ಚುಗಳ ಸಹಿತ ಎಣಿಸಿ ಬರೆದುಕೊಳ್ಳಿ. ತುಂಬಿದ ಲಾರಿಯನ್ನು ಅದರ ಪಟ್ಟೆಸ್ಪ್ರಿಂಗು ಚಪ್ಪಟೆಯಾಗಿರುವುದರಿಂದಲೂ ಟೈರು ಉಬ್ಬಿರುವುದರಿಂದಲೂ ಗುರುತಿಸಬಹುದು. ಪ್ರತಿಯೊಂದು ಅಚ್ಚಿನ ಅಂದಾಜು ಭಾರವನ್ನು 8.2ರಿಂದ ಭಾಗಿಸಿ, ಬಂದುದನ್ನು ನಾಲ್ಕನೆಯ ಘಾತಕ್ಕೇರಿಸಿ, ಎಲ್ಲವನ್ನೂ ಕೂಡಿಸಿ. ಆ ಮೊತ್ತದಲ್ಲಿ ನೂರಾರು ಕಾರು ಬೈಕುಗಳ ಪಾಲು ದಶಾಂಶ ಬಿಂದುವಿನಾಚೆ ಎಷ್ಟನೆಯ ಸ್ಥಾನದಲ್ಲಿ ಬಂದು ಕೂರುತ್ತದೆಂಬುದನ್ನು ನೋಡಿ.